ವೈಜಿನಾಥನವರು ಬಗ್ಗದ ದಿನಗಳು

ಬೀದರಿನ ಮೈಲೂರು ಬಡಾವಣೆಯ ನಮ್ಮ ಓಣಿಯಲ್ಲಿ ಬೆಳಿಗ್ಗೆ ಹುಟ್ಟಿದ ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆ ಹಳಸುತ್ತದೆ. ಆದರೆ ವೈಜಿನಾಥನವರು ಬಗ್ಗುವುದನ್ನು ಬಿಟ್ಟಿದ್ದಾರೆ ಎಂಬ ಸುದ್ದಿ ವಾರಗಟ್ಟಲೆ ತಾಜಾ ಇತ್ತು.

ಇದು ಯಾಕೆ ಸುದ್ದಿ ಎಂದು ತಿಳಿಯಬೇಕಾದರೆ, ಅದಕ್ಕೆ ಮೊದಲು ಅವರು ಎಷ್ಟು ಬಗ್ಗುತ್ತಿದ್ದರು ಎಂಬುದು ಗೊತ್ತಿರಬೇಕು. ವೈಜಿನಾಥನವರು ತಹಸೀಲ ಕಚೇರಿಯಲ್ಲಿ ಅಟೆಂಡರ್ ಆಗಿ ಸೇರಿ ಅಟೆಂಡರ್ ಆಗಿಯೇ ನಿವೃತ್ತರಾದವರು. ಆ ಕೆಲಸದಲ್ಲಿ ಬಗ್ಗುವುದೂ ಒಂದು ಭಾಗ. ಇವರು ಅದನ್ನೇ ಇಡೀ ಕೆಲಸವೆಂದು ತಿಳಿದಿದ್ದರು. ತಹಸೀಲ್ದಾರರಿಗೆ ಬಗ್ಗುತ್ತಿದ್ದರು. ತಹಸೀಲ್ದಾರರ ಜೀಪಿಗೆ ಬಗ್ಗುತ್ತಿದ್ದರು. ಸಾಹೇಬರು ರಜೆಯಲ್ಲಿದ್ದರೆ ಖಾಲಿ ಕುರ್ಚಿಗೆ ಬಗ್ಗಿ, ಅದರ ಮೇಲಿನ ಟವೆಲ್ ಸರಿಪಡಿಸಿ ಬರುತ್ತಿದ್ದರು. ನಿವೃತ್ತಿಯಾದ ಮೇಲೂ ಅವರ ಬೆನ್ನಿಗೆ ಆ ಆದೇಶ ತಲುಪಲಿಲ್ಲ. ಮಠದ ಸ್ವಾಮಿಗಳು, ಸಾಲೆಯ ಹೆಡ್‌ಮಾಸ್ತರು, ಮೀಟರ್ ನೋಡಲು ಬರುವವನು, ಎಲ್ಲರ ಕಾಲಿನ ತನಕವೂ ಅವರ ಕೈ ಹೋಗುತ್ತಿತ್ತು. ಓಣಿಯಲ್ಲಿ ಅವರ ಮುಖ ಕಂಡವರಿಗಿಂತ ನೆತ್ತಿ ಕಂಡವರೇ ಹೆಚ್ಚು.

ಅಂಥವರು ಒಂದು ಗುರುವಾರ ಕಪ್ಪು ಕನ್ನಡಕ ಹಾಕಿಕೊಂಡು ಆಟೋದಿಂದ ಇಳಿದರು. ಎದುರಿಗೆ ಮಠದ ಸ್ವಾಮಿಗಳು ಬರುತ್ತಿದ್ದರು. ವೈಜಿನಾಥನವರು ಲೈಟಿನ ಕಂಬದ ಹಾಗೆ ನೆಟ್ಟಗೆ ನಿಂತು, ಎದೆಯ ಹತ್ತಿರ ಕೈ ಮುಗಿದು, ಗದ್ದ ಮೇಲೆತ್ತಿಕೊಂಡು ಮನೆಯೊಳಗೆ ಹೋದರು. ಅವರ ನೆತ್ತಿಯ ಮೇಲಿಡಲು ಸ್ವಾಮಿಗಳು ಆಗಲೇ ಕೈ ಎತ್ತಿದ್ದರು. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ತಮ್ಮ ತಲೆಯನ್ನೇ ಸವರಿಕೊಂಡು ಮುಂದೆ ನಡೆದರು.

ನಡೆದದ್ದು ಇಷ್ಟೇ. ವೈಜಿನಾಥನವರ ಬಲಗಣ್ಣಿಗೆ ಪೊರೆ ಬಂದು ಎಷ್ಟೋ ಕಾಲವಾಗಿತ್ತು. ಪೊರೆ ಬರುವುದು ಮುದುಕರಿಗೆ, ತಮ್ಮ ಕಣ್ಣಿನಲ್ಲಿರುವುದು ಬೀದರಿನ ಧೂಳು ಎಂದುಕೊಂಡು ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ಒಂದು ಸಂಜೆ ಪೇಟೆಯಿಂದ ಬಂದವರು ಹೆಂಡತಿ ಈರಮ್ಮನ ಮೇಲೆ ಮುನಿಸಿಕೊಂಡರು. ಈರಮ್ಮನ ತಂಗಿ ಬಟ್ಟೆ ಅಂಗಡಿಯ ಮುಂದೆ ನಿಂತಿದ್ದಳಂತೆ, ಇವರು ಶರಣು ಮಾಡಿದರೂ ಒಂದು ಮಾತಾಡಲಿಲ್ಲವಂತೆ. ಈರಮ್ಮ ತಂಗಿಗೆ ಫೋನ್ ಹಚ್ಚಿದರು. ಆಕೆ ಹೈದರಾಬಾದಿನಲ್ಲಿದ್ದಳು. ಮರುದಿನ ಹೋಗಿ ನೋಡಿದರೆ, ಅಂಗಡಿಯ ಮುಂದೆ ಸೀರೆ ಉಡಿಸಿ ನಿಲ್ಲಿಸಿದ ಬೊಂಬೆ. ಈರಮ್ಮ ಅಲ್ಲಿಂದಲೇ ಗಂಡನನ್ನು ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋದರು.

ಪೊರೆ ತೆಗೆದವರು ಆಯೆಶಾ ಎಂಬ ಚಿಕ್ಕ ವಯಸ್ಸಿನ ಡಾಕ್ಟರು. ಮನೆಗೆ ಕಳಿಸುವಾಗ ಅವರು ಬಿಡಿಸಿ ಹೇಳಿದರು. ಕಣ್ಣು ತಿಕ್ಕಬಾರದು, ತಲೆಯ ಮೇಲೆ ನೀರು ಹಾಕಿಕೊಳ್ಳಬಾರದು, ಭಾರ ಎತ್ತಬಾರದು, ಹೊಗೆ ಧೂಳಿನಲ್ಲಿ ಹೋಗಬಾರದು, ಹನಿ ಔಷಧ ತಪ್ಪಿಸಬಾರದು. ಇದಕ್ಕೆಲ್ಲ ವೈಜಿನಾಥನವರು ಹೂಂಗುಟ್ಟಿದರು. ಕೊನೆಯ ಮಾತಿಗೆ ಮಾತ್ರ ಅವರ ಮುಖ ಬಿಳಿಚಿಕೊಂಡಿತು. ತಾನು ಹೇಳುವ ತನಕ ತಲೆ ಕೆಳಗೆ ಮಾಡಿ ಬಗ್ಗಬಾರದು ಎಂದಿದ್ದರು ಡಾಕ್ಟರು.

“ಯಾರಿಗೂ ಬಗ್ಗಬಾರದೇನ್ರಿ?”

“ಯಾರಿಗೂ ಬಗ್ಗಬಾರದು ಅಂಕಲ್.”

“ಭಾಳ ದೊಡ್ಡವ್ರು ಬಂದ್ರ?”

“ಸದ್ಯ ನನಗಿಂತ ದೊಡ್ಡವ್ರು ಯಾರೂ ಇಲ್ಲ ಅಂತ ತಿಳ್ಕೋರಿ.”

ಇಂಥ ಮಾತಾಡುವವರಿಗೆ ಬಗ್ಗದೆ ಇರುವುದು ಹೇಗೆ ಎಂದು ವೈಜಿನಾಥನವರು ಅಲ್ಲೇ ಡಾಕ್ಟರ ಕಾಲಿಗೆ ಕೈ ಚಾಚಿದರು. ಈರಮ್ಮ ಹಿಂದಿನಿಂದ ಅಂಗಿಯ ಕಾಲರ್ ಹಿಡಿದು ನಿಲ್ಲಿಸಿದರು.

ಮರುದಿನ ಕಣ್ಣಿನ ಮೇಲಿನ ಪಟ್ಟಿ ತೆಗೆದಾಗ ಅವರಿಗೆ ಮನೆಯೇ ಗುರುತು ಹತ್ತಲಿಲ್ಲ. ಗೋಡೆಗೆ ಯಾವಾಗ ಸುಣ್ಣ ಬಳಿಸಿದಿರಿ ಎಂದು ಕೇಳಿದರು. ಯಾರೂ ಬಳಿಸಿರಲಿಲ್ಲ. ಬಲಗಣ್ಣು ಮುಚ್ಚಿದರೆ ಗೋಡೆ ಅರಿಶಿನ, ಎಡಗಣ್ಣು ಮುಚ್ಚಿದರೆ ಹಾಲಿನಷ್ಟು ಬಿಳುಪು, ಅದರಲ್ಲಿ ಸ್ವಲ್ಪ ನೀಲಿ. ಇಡೀ ಬೆಳಿಗ್ಗೆ ಒಂದಾದ ಮೇಲೊಂದು ಕಣ್ಣು ಮುಚ್ಚಿ ಮನೆಯ ಸಾಮಾನುಗಳನ್ನು ಎರಡೆರಡು ಸಲ ನೋಡಿದರು. ಕೊನೆಗೆ ಈರಮ್ಮನನ್ನು ನೋಡಿದರು.

“ನಿನಗ ಇಷ್ಟು ಬಿಳಿ ಕೂದಲು ಯಾವಾಗ ಬಂದ್ವು?”

“ನೀವು ನೋಡದ ಇದ್ದಾಗ ಬಂದ್ವು,” ಎಂದು ಈರಮ್ಮ ಚಹಾ ಇಟ್ಟು ಹೋದರು.

ಪಕ್ಕದ ಮನೆಯ ಚಾಂದ ಪಾಶಾ ಗಾದಿ ಹೊಲಿಯುವ ಅಂಗಡಿಯವರು. ಹೋದ ವರ್ಷ ಎರಡೂ ಕಣ್ಣು ಮಾಡಿಸಿಕೊಂಡಿದ್ದರಿಂದ ಈ ವಿದ್ಯೆಯಲ್ಲಿ ತಮ್ಮನ್ನು ಬಿಟ್ಟರಿಲ್ಲ ಎಂದು ನಂಬಿದವರು. ಅವರು ದಿನಾಲೂ ಬಂದು ಕುರ್ಚಿ ಎಳೆದುಕೊಂಡು ಮುಂದೆ ಏನಾಗುತ್ತದೆ ಎಂದು ಹೇಳುತ್ತಿದ್ದರು. ಕಣ್ಣಿನಲ್ಲಿ ಉಸುಕು ಬಿದ್ದಂತೆ ಆಗುತ್ತದೆ, ನೀರು ಸೋರುತ್ತದೆ, ಬಲ್ಬಿನ ಸುತ್ತ ಬಳೆಗಳು ಕಾಣುತ್ತವೆ, ಹೆದರಬಾರದು. ತಾವು ಆಗ ಕುರ್ಚಿಯ ಮೇಲೆ ಕುಳಿತೇ ನಮಾಜು ಮಾಡಿದ್ದನ್ನೂ ಹೇಳುತ್ತಿದ್ದರು. ಹನಿ ಹಾಕುವ ಕೆಲಸ ಅವರ ಹೆಂಡತಿ ಹಮೀದುನ್ನಿಸಾ ಅವರದು. ಸೀಸೆ ಹತ್ತಿರ ಬಂದ ಕೂಡಲೇ ವೈಜಿನಾಥನವರು ಕಣ್ಣು ಬಿಗಿದು ಬಾಯಿ ತೆರೆಯುತ್ತಿದ್ದರು.

“ಬಾಯಿ ಮುಚ್ರಿ ಭಾಯ್,” ಎನ್ನುತ್ತಿದ್ದರು ಹಮೀದುನ್ನಿಸಾ, “ಇದು ಪಲ್ಸ್ ಪೋಲಿಯೋ ಅಲ್ಲ.”

ಇಷ್ಟಕ್ಕೇ ಎಲ್ಲ ಸುಸೂತ್ರ ಮುಗಿಯಬೇಕಿತ್ತು. ನನಗೆ ಕಣ್ಣಿನ ಆಪರೇಷನ್ ಆಗಿದೆ, ಬಗ್ಗಲಾರೆ ಎಂದು ಅವರು ಓಣಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಖಟಕ ಚಿಂಚೋಳಿಯಿಂದ ಅವರ ಅಕ್ಕ ಗುಂಡಮ್ಮ ಬಸ್ಸು ಹತ್ತಿ ಬಂದರು.

ಗುಂಡಮ್ಮ ಬಂದದ್ದು ತಮ್ಮನ ಕಣ್ಣಿನ ಸಲುವಾಗಿ ಅಲ್ಲ, ಸೋದರಸೊಸೆ ಸೌಂದರ್ಯಾಳ ಸಲುವಾಗಿ. ಸೌಂದರ್ಯಾ ವೈಜಿನಾಥನವರ ಒಬ್ಬಳೇ ಮಗಳು, ಬೀದರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಭಾಲ್ಕಿಯ ಸಂಜುಕುಮಾರನ ಜೊತೆ ಅವಳ ಮದುವೆ ಮಾತಾಗಿತ್ತು. ಅವನು ದನಗಳ ದವಾಖಾನೆಯಲ್ಲಿ ನೌಕರ. ಹಿರಿಯರು ಮಾತಾಡುವ ಮೊದಲೇ ಅವರಿಬ್ಬರೂ ಮಾತಾಡಿಕೊಂಡಿದ್ದರು ಎಂಬುದು ಹಿರಿಯರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ನಿಶ್ಚಯದ ದಿನ ಹತ್ತಿರ ಬಂದಿತ್ತು. ಹುಡುಗನ ತಂದೆ ಬಡಪಾಯಿ. ಆ ಮನೆತನದಲ್ಲಿ ಹೂಂ ಅನ್ನುವವರು ಉಹುಂ ಅನ್ನುವವರು ಒಬ್ಬರೇ: ಔರಾದದಲ್ಲಿರುವ ದೊಡ್ಡಪ್ಪ ಧೂಳಪ್ಪನವರು. ಹಿಂದೆ ಒಂದು ಹುಡುಗಿಯನ್ನು, ಅವಳ ಸೋದರಮಾವ ತೊದಲುತ್ತಾನೆ ಎಂಬ ಕಾರಣಕ್ಕೆ ಬೇಡವೆಂದವರು ಅವರು.

“ಮಾವ ತೊದಲಿದ್ದಕ್ಕ ಬಿಟ್ಟಾನ ಅಂವ,” ಎಂದರು ಗುಂಡಮ್ಮ. “ಅಪ್ಪಗ ಕಣ್ಣಿಲ್ಲ ಅಂದ್ರ ಇಡ್ತಾನೇನು? ಕಣ್ಣಿಂದು ಮನಿತನದಾಗ ಬರ್ತದ ಅಂತಾನ. ಲಗ್ನ ಆಗೋ ತನಕ ಈ ಮನಿಯಾಗ ಆಪರೇಷನ್ ಅನ್ನೋ ಮಾತು ಹೊರಗ ಬೀಳಬಾರದು.”

ಕಣ್ಣು ಇಲ್ಲದಾಗ ಯಾರೂ ಕೇಳಲಿಲ್ಲ, ಬಂದ ಮೇಲೆ ಯಾಕೆ ಮುಚ್ಚಿಡಬೇಕು ಎಂದು ಸೌಂದರ್ಯಾ ವಾದಿಸಿದಳು. ಗುಂಡಮ್ಮನ ಮುಂದೆ ವಾದ ನಡೆಯುವುದಿಲ್ಲ. ಚಾಂದ ಪಾಶಾ ದಂಪತಿಗಳಿಂದ ಭಾಷೆ ತೆಗೆದುಕೊಂಡರು. ಕಪ್ಪು ಕನ್ನಡಕದ ಬಗ್ಗೆ ಯಾರಾದರೂ ಕೇಳಿದರೆ ಏನು ಹೇಳಬೇಕು ಎಂದು ವೈಜಿನಾಥನವರು ಕೇಳಿದ್ದಕ್ಕೆ, ಏನೂ ಹೇಳಬಾರದು ಎಂದರು. ಅವರು ಹಾಗೆಯೇ ಮಾಡಿದರು. ಬಗ್ಗದ ಮನುಷ್ಯ, ಕಪ್ಪು ಕನ್ನಡಕ, ಕೇಳಿದರೆ ಮಾತಿಲ್ಲ. ಉಳಿದದ್ದನ್ನು ಓಣಿ ತಾನೇ ತುಂಬಿಕೊಂಡಿತು.

ಮೂಲೆಯಲ್ಲಿ ಚಹಾದ ಹೋಟೆಲಿಟ್ಟಿರುವ ಅಫ್ರೋಜನ ಪ್ರಕಾರ ವೈಜಿನಾಥನವರಿಗೆ ಬೆಂಗಳೂರಿನ ತನಕ ಯಾವುದೋ ಕೈ ಸಿಕ್ಕಿದೆ. ಹೆಡ್‌ಮಾಸ್ತರರ ಪ್ರಕಾರ ಅದು ಸೊಕ್ಕು, ವಯಸ್ಸಾದ ಮೇಲೆ ಬರುವುದರಿಂದ ಬೇಗ ಇಳಿಯುವುದಿಲ್ಲ. ಪೂಜೆಗೆ ಕರೆದ ಮನೆಯಲ್ಲಿ ಊದಿನಕಡ್ಡಿ ಹಚ್ಚಿದ ಕೂಡಲೇ ಮೂಗು ಮುಚ್ಚಿ ಎದ್ದು ಹೋದರು ಎಂಬ ವರ್ತಮಾನ ಬಂದಾಗ, ದೇವರಿಗೂ ಬಗ್ಗದವರ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ ಎಂದು ಹಿರಿಯರು ನಿಟ್ಟುಸಿರು ಬಿಟ್ಟರು.

ಈ ಮಧ್ಯೆ ಶಿರಸ್ತೇದಾರ ವಿಶ್ವನಾಥರಾಯರು ಅಫ್ರೋಜನ ಹೋಟೆಲಿನ ಮುಂದೆ ಸಿಕ್ಕರು. ಇವರು ವೈಜಿನಾಥನವರ ಹಳೆಯ ಮೇಲಧಿಕಾರಿ. ವರ್ಷಾನುಗಟ್ಟಲೆ ಆ ಶರಣು ಪಡೆದು ಪಡೆದು ಅದು ಸಂಬಳದ ಒಂದು ಬಾಬತ್ತು ಎಂದೇ ತಿಳಿದಿದ್ದರು. ಈಗ ನೋಡಿದರೆ ಹಳೆಯ ಅಟೆಂಡರ್ ಕಪ್ಪು ಕನ್ನಡಕದಲ್ಲಿ ನೆಟ್ಟಗೆ ನಿಂತು ತಮ್ಮ ತಲೆಯ ಮೇಲಿಂದ ಎಲ್ಲೋ ನೋಡುತ್ತಿದ್ದಾನೆ. ವೈಜಿನಾಥನವರು ನೋಡುತ್ತಿದ್ದದ್ದು ಆಕಾಶವನ್ನು. ಅದು ಇಷ್ಟು ನೀಲಿ ಇರುವುದು ಅವರಿಗೆ ಮರೆತೇ ಹೋಗಿತ್ತು. ಅಷ್ಟರಲ್ಲಿ ಅವರ ಹೆಗಲ ಟವೆಲ್ ಜಾರಿ ಕೆಳಗೆ ಬಿತ್ತು. ಅವರು ಬಗ್ಗಲಿಲ್ಲ. ಟವೆಲ್ ಎಲ್ಲಿ ಬಿತ್ತೆಂದು ಕಣ್ಣಂಚಿನಲ್ಲಿ ನೋಡಿ ಸುಮ್ಮನೆ ನಿಂತರು. ಆ ನಿಲುವಿನಲ್ಲಿ ಏನು ಕಂಡಿತೋ, ಶಿರಸ್ತೇದಾರರೇ ಬಗ್ಗಿ ಟವೆಲ್ ಎತ್ತಿ, ಧೂಳು ಕೊಡವಿ ಕೊಟ್ಟರು.

ಮನೆಗೆ ಹೋದ ಶಿರಸ್ತೇದಾರರಿಗೆ ಊಟ ಸೇರಲಿಲ್ಲ. ಮೇಲಿನವರ ಬೆಂಬಲ ಇಲ್ಲದೆ ಅಟೆಂಡರ್ ಒಬ್ಬ ನೆಟ್ಟಗೆ ನಿಲ್ಲುವುದಿಲ್ಲ ಎಂಬುದು ಅವರ ನೌಕರಿಯ ಅನುಭವ. ತಮ್ಮ ಮೇಲೆ ಇವನು ಎಲ್ಲಿಗೋ ಬರೆದಿದ್ದಾನೆ ಎಂದು ಖಾತ್ರಿಯಾಯಿತು. ಮರುದಿನ ಪೇಡೆಯ ಪೊಟ್ಟಣ ಹಿಡಿದುಕೊಂಡು ವೈಜಿನಾಥನವರ ಮನೆಗೆ ಬಂದರು.

ಆಗ ತಾನೇ ಹಮೀದುನ್ನಿಸಾ ಹನಿ ಹಾಕಿ, ಕಣ್ಣು ಮುಚ್ಚಿ ಮಾತಾಡದೆ ಕೂಡಿರಿ ಎಂದು ಹೇಳಿ ಹೋಗಿದ್ದರು. ವೈಜಿನಾಥನವರು ಕುರ್ಚಿಗೆ ತಲೆ ಆನಿಸಿ ಮುಖ ಮೇಲೆ ಮಾಡಿ ಕುಳಿತಿದ್ದರು. ಕಪ್ಪು ಕನ್ನಡಕದ ಕೆಳಗಿನಿಂದ ಔಷಧ ಧಾರೆಯಾಗಿ ಇಳಿಯುತ್ತಿತ್ತು. ಶಿರಸ್ತೇದಾರರು ತಮ್ಮಿಂದ ಏನಾದರೂ ತಪ್ಪಾಗಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು ಎಂದರು. ಉತ್ತರ ಬರಲಿಲ್ಲ, ಇನ್ನೊಂದು ಹನಿ ಇಳಿಯಿತು. ತಾವು ಒಂದು ಸಲ ಬೆಲ್ಲು ಹೊಡೆದಾಗ ತಡವಾಗಿ ಬಂದನೆಂದು ಎಲ್ಲರ ಮುಂದೆ ಬೈದದ್ದು ಅವರಿಗೆ ನೆನಪಾಯಿತು. ಈ ಮನುಷ್ಯ ಅದನ್ನು ಇಷ್ಟು ಕಾಲ ಎದೆಯಲ್ಲಿಟ್ಟುಕೊಂಡು ಅಳುತ್ತಿದ್ದಾನಲ್ಲ ಎಂದು ಅವರ ಕಣ್ಣೂ ತುಂಬಿತು. ಅವರು ಬಗ್ಗಿ ವೈಜಿನಾಥನವರ ಪಾದ ಹಿಡಿದುಕೊಂಡರು. ಚಹಾ ಕೊಡಲು ಬಂದಿದ್ದ ಅಫ್ರೋಜ ಕಿಟಕಿಯಿಂದ ಇದನ್ನು ಕಣ್ಣಾರೆ ಕಂಡ.

ಬೀದರಿನಿಂದ ಭಾಲ್ಕಿಗೆ ಬಸ್ಸು ಹೋಗಲು ಸಮಯ ಬೇಕು. ಸುದ್ದಿಗೆ ಅಷ್ಟು ಬೇಡ. ಭಾಲ್ಕಿ ಮುಟ್ಟುವ ಹೊತ್ತಿಗೆ ಒಬ್ಬ ಶಿರಸ್ತೇದಾರ ಇದ್ದದ್ದು ಇಡೀ ಕಚೇರಿಯಾಗಿತ್ತು. ಔರಾದ ಮುಟ್ಟಿದಾಗ, ಹುಡುಗಿಯ ಅಪ್ಪ ಸ್ವಾಮಿಗಳನ್ನು ನಿಲ್ಲಿಸಿ ಮಾತಾಡಿಸುತ್ತಾನೆ, ಸಾಹೇಬರ ಕೈಯಿಂದ ಟವೆಲ್ ಎತ್ತಿಸುತ್ತಾನೆ ಎಂದಾಗಿತ್ತು.

ಅವತ್ತು ಸಂಜುಕುಮಾರ ಸೌಂದರ್ಯಾಳಿಗೆ ಫೋನ್ ಮಾಡಿದ. ದೊಡ್ಡಪ್ಪ ಗುಡುಗಿದ್ದಾರೆ. ನಿಶ್ಚಯದ ದಿನ ಔರಾದದಿಂದ ತಾವೇ ಬರುತ್ತಾರೆ. ಹುಡುಗಿಯ ಅಪ್ಪ ನಾಲ್ಕು ಮಂದಿಯ ಮುಂದೆ ಅವರ ಕಾಲಿಗೆ ಬಿದ್ದು ಶರಣು ಮಾಡಬೇಕು. ಮಾಡದಿದ್ದರೆ ಸಂಬಂಧ ಗಟ್ಟಿ ಮಾಡುವ ಸಕ್ಕರೆಯ ತಟ್ಟೆ ಮುಟ್ಟುವುದಿಲ್ಲ.

ಸೌಂದರ್ಯಾ ಆ ದಿನ ಊಟ ಮಾಡಲಿಲ್ಲ. ಅದನ್ನು ಯಾರಿಗೂ ಹೇಳಲೂ ಇಲ್ಲ, ತಟ್ಟೆ ತೊಳೆದಿಟ್ಟಳು. ವೈಜಿನಾಥನವರಿಗೆ ಈಗ ಅಂಥದ್ದೆಲ್ಲ ಕಾಣುತ್ತಿತ್ತು. ಅವರು ಎದ್ದು ಬಂದು, ಒಂದು ಕಣ್ಣು ಹೋದರೆ ಹೋಗಲಿ, ಇನ್ನೊಂದು ಇದೆಯಲ್ಲ, ನಾನು ಬಗ್ಗುತ್ತೇನೆ ಎಂದರು. ಇನ್ನೊಂದರಲ್ಲಿ ಈರಮ್ಮನ ತಂಗಿಗೂ ಬೊಂಬೆಗೂ ವ್ಯತ್ಯಾಸ ಕಾಣುವುದಿಲ್ಲ ಎಂದು ಈರಮ್ಮ ನೆನಪು ಮಾಡಿದರು.

ಚಾಂದ ಪಾಶಾ ಉಪಾಯ ಹೇಳಿದರು. ಬಗ್ಗಬಾರದು ನಿಜ, ಆದರೆ ಇಳಿಯಬಹುದಲ್ಲ. ಬೆನ್ನು ನೆಟ್ಟಗೆ, ತಲೆ ನೆಟ್ಟಗೆ, ಮೊಣಕಾಲು ಮಾತ್ರ ಮಡಚುತ್ತ ಲಿಫ್ಟಿನ ಹಾಗೆ ಕೆಳಗಿಳಿದು, ಕೈ ಚಾಚಿ ಪಾದ ಮುಟ್ಟಿ, ಹಾಗೆಯೇ ಮೇಲೇರುವುದು. ಪಡಸಾಲೆಯಲ್ಲಿ ತಾಲೀಮು ನಡೆಯಿತು. ಧೂಳಪ್ಪನವರ ಜಾಗದಲ್ಲಿ ಗುಂಡಮ್ಮ ಕುಳಿತರು. ವೈಜಿನಾಥನವರು ಮುಖ ಗಂಭೀರ ಮಾಡಿಕೊಂಡು, ಎದುರಿನ ಗೋಡೆಯನ್ನೇ ನೋಡುತ್ತ, ಮೆಲ್ಲಗೆ ಕೆಳಗಿಳಿದರು. ಕೊನೆಗೆ ಹಮೀದುನ್ನಿಸಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದರು:

“ಭಾಯ್, ಕೈಯಾಗ ಒಂದು ತಂಬಿಗಿ ಕೊಟ್ರ ಬರೋಬರಿ ಆಗ್ತದ.”

ಆ ಉಪಾಯ ಅಲ್ಲಿಗೇ ಬಿತ್ತು. ಗುಂಡಮ್ಮನಿಗೂ ಬೇರೆ ದಾರಿ ತೋಚಲಿಲ್ಲ. ಏನಾದರಾಗಲಿ ಎಂದು ಎಲ್ಲರೂ ಜೀಪು ಮಾಡಿಕೊಂಡು ಭಾಲ್ಕಿಗೆ ಹೊರಟರು.

ಸಂಜುಕುಮಾರನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ನಡುವಿನ ಸೋಫಾದಲ್ಲಿ ಧೂಳಪ್ಪನವರು ರುಮಾಲು ಸುತ್ತಿ, ಮೀಸೆ ತಿರುವಿ, ಬಡಿಗೆ ಊರಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಅವರ ತಂಗಿ ಗುರಮ್ಮ. ಇನ್ನೊಂದು ಪಕ್ಕದಲ್ಲಿ ಒಂದು ಸ್ಟ್ಯಾಂಡ್ ಫ್ಯಾನು, ಆ ಕಡೆಯಿಂದ ಈ ಕಡೆಗೆ ತಿರುಗುತ್ತ ಗಾಳಿ ಬೀಸುತ್ತಿತ್ತು. ಬೀಗರು ಬಂದರು ಎಂದ ಕೂಡಲೇ ಶಾಮಿಯಾನದ ಮಾತು ನಿಂತಿತು. ಹುಗ್ಗಿಯ ಪಾತ್ರೆಯ ಹತ್ತಿರ ಇದ್ದವರೂ ಸೌಟು ಹಿಡಿದುಕೊಂಡೇ ಬಂದು ನಿಂತರು.

ವೈಜಿನಾಥನವರು ಮುಂದೆ ಹೋದರು. ಕೈ ಮುಗಿದರು. ಬೆನ್ನು ಹಳೆಯ ಅಭ್ಯಾಸದಿಂದ ಮುಂದಕ್ಕೆ ಹೊರಟಿತು. ಹಿಂದೆ ನಿಂತಿದ್ದ ಈರಮ್ಮ ಕಾಲರ್ ಹಿಡಿದಿದ್ದರು. ಅವರು ನೆಟ್ಟಗೇ ನಿಂತರು. ಸೌಂದರ್ಯಾ ಕಣ್ಣು ಮುಚ್ಚಿಕೊಂಡಳು.

ಆಗ ಧೂಳಪ್ಪನವರು ಕೈ ಎತ್ತಿದರು. ಆ ಕೈ ವೈಜಿನಾಥನವರನ್ನು ದಾಟಿ ಹೋಗಿ ಫ್ಯಾನಿನ ತಲೆಯ ಮೇಲೆ ಕುಳಿತಿತು. ಫ್ಯಾನು ವಿನಯದಿಂದ ಈ ಕಡೆಯಿಂದ ಆ ಕಡೆಗೆ ತಲೆ ಆಡಿಸಿತು.

“ಏಳ್ರಿ ಬೀಗ್ರೆ, ಸಾಕು ಏಳ್ರಿ,” ಎಂದರು ಧೂಳಪ್ಪನವರು.

ಶಾಮಿಯಾನಕ್ಕೆ ಏನೂ ತಿಳಿಯಲಿಲ್ಲ. ಗುರ್ ಎನ್ನುತ್ತಿದ್ದದ್ದು ಫ್ಯಾನು ಒಂದೇ. ಗುರಮ್ಮ ಅಣ್ಣನ ಕಿವಿಯ ಹತ್ತಿರ ಬಾಗಿ, ಆದರೆ ಎಲ್ಲರಿಗೂ ಕೇಳುವ ಹಾಗೆ, ಅವನು ಬಗ್ಗಿಯೇ ಇಲ್ಲ ಎಂದರು.

“ಗುರಮ್ಮ, ನಾ ಏನು ಕುರುಡ ಇದ್ದೇನಿ?” ಧೂಳಪ್ಪನವರ ದನಿ ಏರಿತು. “ಬೀಗ ನನ್ನ ಕಾಲಿಗಿ ಬಿದ್ದಾನ. ನಾನೇ ಎಬ್ಬಿಸೀನಿ. ಇಷ್ಟು ಮಂದಿ ಮುಂದ ಆಗ್ಯಾದ. ಏನ್ರಿ, ನೋಡಿದ್ರಿಲ್ಲೋ?”

ಧೂಳಪ್ಪನವರು ನೋಡಿದ್ದನ್ನು ನೋಡಿಲ್ಲ ಎಂದವರು ಆ ಮನೆತನದಲ್ಲಿ ಹುಟ್ಟಿರಲಿಲ್ಲ. ಮೊದಲು ಹುಡುಗನ ತಂದೆ ಹೌದ್ರಿ ಎಂದರು. ಆಮೇಲೆ ಸೌಟು ಹಿಡಿದವನು ಹೌದ್ರಿ ಎಂದ. ನೋಡುತ್ತ ನೋಡುತ್ತ ಇಡೀ ಶಾಮಿಯಾನ ಅದನ್ನು ನೋಡಿತ್ತು. ಒಬ್ಬ ಮುದುಕ, ಹಣೆ ನೆಲಕ್ಕೆ ಮುಟ್ಟಿದ್ದನ್ನೂ ಕಂಡೆ ಎಂದ.

ವೈಜಿನಾಥನವರಿಗೆ ಮಾತ್ರ ಎಲ್ಲ ತಿಳಿದುಹೋಯಿತು. ಧೂಳಪ್ಪನವರು ಚಹಾದ ಕಪ್ಪು ತುಂಬಿದೆಯೋ ಇಲ್ಲವೋ ಎಂದು ಅದರಲ್ಲಿ ಬೆರಳಿನ ತುದಿ ಅದ್ದಿ ನೋಡಿದರು. ಬಂದವರನ್ನೆಲ್ಲ ಯಾವ ಬಸ್ಸಿಗೆ ಬಂದ್ರಿ ಎಂದು ಕೇಳಿ, ಉತ್ತರದ ದನಿ ಕೇಳಿದ ಮೇಲೆ ಹೆಸರು ಹಿಡಿದು ಕರೆದರು. ತಾವು ವರ್ಷಗಟ್ಟಲೆ ಮಾಡಿದ್ದೂ ಇದನ್ನೇ ಅಲ್ಲವೇ ಎಂದು ವೈಜಿನಾಥನವರಿಗೆ ಅನ್ನಿಸಿತು. ಬೀಗರಿಗೆ ಸಕ್ಕರೆ ತಿನ್ನಿಸುವ ಶಾಸ್ತ್ರ ಬಂದಾಗ ಧೂಳಪ್ಪನವರ ಚಿಟಿಕೆ ವೈಜಿನಾಥನವರ ಕಿವಿಯ ಕಡೆ ಹೊರಟಿತು. ವೈಜಿನಾಥನವರು ಯಾರಿಗೂ ತಿಳಿಯದ ಹಾಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಸಕ್ಕರೆ ಬರುವ ದಾರಿಯಲ್ಲಿ ಬಾಯಿ ಇಟ್ಟರು.

ಊಟವಾದ ಮೇಲೆ ಕೈ ತೊಳೆಯುವ ಜಾಗದಲ್ಲಿ ಅವರಿಬ್ಬರೇ ಇದ್ದರು. ಧೂಳಪ್ಪನವರ ಕೈ ಗೋಡೆಯ ಮೇಲೆ ನಲ್ಲಿ ಹುಡುಕುತ್ತಿತ್ತು. ವೈಜಿನಾಥನವರು ಆ ಕೈ ಹಿಡಿದು ನಲ್ಲಿಗೆ ಮುಟ್ಟಿಸಿದರು.

“ಎಷ್ಟು ದಿನ ಆತ್ರಿ, ಕಾಣದ?”

ಧೂಳಪ್ಪನವರು ಬಹಳ ಹೊತ್ತು ಕೈ ತೊಳೆದರು. “ನಿನಗ ಹ್ಯಾಂಗ ಗೊತ್ತಾತು?”

“ನೀವು ಫ್ಯಾನಿಗಿ ಆಶೀರ್ವಾದ ಮಾಡಿದ್ರಿ.”

“ಅದು ಫ್ಯಾನೇನು?” ಧೂಳಪ್ಪನವರು ಯೋಚಿಸಿದರು. “ಬೀಗನ ತಲಿ ಭಾಳ ತಂಪ ಅದ ಅಂತ ನಾ ಖುಷಿಪಟ್ಟೆ.”

ಆಮೇಲೆ ಇಬ್ಬರೂ ಅಲ್ಲೇ ಕಲ್ಲಿನ ಮೇಲೆ ಕುಳಿತರು. ವೈಜಿನಾಥನವರು ಕನ್ನಡಕದ ಗುಟ್ಟು, ಬಗ್ಗದ ಗುಟ್ಟು, ಅಕ್ಕನ ಹೆದರಿಕೆ ಎಲ್ಲ ಹೇಳಿದರು. ಧೂಳಪ್ಪನವರು ಅದಕ್ಕೆ ಸಿಟ್ಟಾಗಲಿಲ್ಲ. ಅವರ ಮನಸ್ಸು ಬೇರೆ ಕಡೆ ಇತ್ತು. ಕಣ್ಣಿನಲ್ಲಿ ಸೂಜಿ ಚುಚ್ಚುತ್ತಾರಂತೆ, ಕಣ್ಣು ಹೊರಗೆ ತೆಗೆದು ತೊಳೆದು ಇಡುತ್ತಾರಂತೆ, ಖರೆಯೇನು ಎಂದು ಮೆಲ್ಲಗೆ ಕೇಳಿದರು. ಇಡೀ ಔರಾದ ಹೆದರುವ ಮನುಷ್ಯ ಹೀಗೆ ಕೇಳಿದಾಗ ವೈಜಿನಾಥನವರಿಗೆ ಬಹಳ ಮರುಕವಾಯಿತು.

“ಹನಿ ಹಾಕಿ ಕಣ್ಣು ಜೋಮು ಮಾಡ್ತಾರ್ರಿ. ಒಂದು ಬೆಳಕು ಕಾಣ್ತದ, ಅಷ್ಟೇ. ಮುಗೀತು ಏಳ್ರಿ ಅಂದ್ರು, ನಾ ಇನ್ನೂ ಶುರು ಆಗಿಲ್ಲ ಅಂತ ಮಲಗಿದ್ದೆ.”

“ಆಮ್ಯಾಲ?”

“ಆಮ್ಯಾಲ ಎಲ್ಲಾ ಕಾಣ್ತದ್ರಿ. ಮನಿಯಾಗಿನ ಕಸಾನೂ ಕಾಣ್ತದ. ಅದನ್ನ ಹೆಂಡ್ತಿ ಮುಂದ ಹೇಳಬ್ಯಾಡ್ರಿ.”

ಧೂಳಪ್ಪನವರು ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಮಾತು ಒಪ್ಪಿಕೊಂಡರು. ಹುಡುಗಿ ನೋಡಲು ಮೈಲೂರಿಗೆ ಬಂದಾಗ ಅವರಿಗೆ ಕಂಡದ್ದು ಒಂದು ಹಸಿರು ಸೀರೆ ಮಾತ್ರವಂತೆ. ಬೀಗನ ಮಗಳ ಮುಖ ಹೇಗಿದೆಯೋ ಅವರಿಗೆ ಇಂದಿಗೂ ಗೊತ್ತಿಲ್ಲ. ಇದನ್ನು ಕೇಳಿ ವೈಜಿನಾಥನವರಿಗೆ ಹೊಸ ಚಿಂತೆ ಹತ್ತಿತು. ಮಾವ ತೊದಲಿದ್ದಕ್ಕೆ ಬೇಡವೆಂದ ಮನುಷ್ಯ, ಕಣ್ಣು ಬಂದ ಮೇಲೆ ಏನನ್ನುತ್ತಾನೋ. ಕಣ್ಣು ಮಾಡಿಸಿಕೊಳ್ಳಿರಿ ಎಂದು ತಾವೇ ಹೇಳಿಯಾಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರ ಮನಸ್ಸು ಬರಲಿಲ್ಲ.

ಧೂಳಪ್ಪನವರದು ಒಂದೇ ಷರತ್ತು, ಯಾರಿಗೂ ಗೊತ್ತಾಗಬಾರದು. ಹೀಗಾಗಿ ಮದುವೆಗೆ ಸ್ವಲ್ಪ ಮುಂಚೆ ಅವರು ಔರಾದದಲ್ಲಿ ಯಾತ್ರೆಗೆ ಹೋಗುತ್ತೇನೆಂದು ಹೇಳಿ, ಬೀದರಿಗೆ ಬಂದು ಚಾಂದ ಪಾಶಾ ಅವರ ಮಾಳಿಗೆಯ ಕೋಣೆಯಲ್ಲಿ ಇಳಿದರು. ವೈಜಿನಾಥನವರ ಮನೆ ಮದುವೆಯ ನೆಂಟರಿಂದ ತುಂಬಿತ್ತು. ಊಟ ಈರಮ್ಮನ ಮನೆಯಿಂದ, ಹನಿ ಹಮೀದುನ್ನಿಸಾ ಅವರಿಂದ, ಉಪದೇಶ ಚಾಂದ ಪಾಶಾ ಅವರಿಂದ. ಹನಿ ಹಾಕುವಾಗ ಧೂಳಪ್ಪನವರೂ ಬಾಯಿ ತೆರೆದರು ಎಂದು ಹಮೀದುನ್ನಿಸಾ ಆಮೇಲೆ ಹೇಳಿದರು. ಬಗ್ಗಬಾರದು ಎಂದು ಆಯೆಶಾ ಡಾಕ್ಟರು ಹೇಳಿದಾಗ ಅವರು ನಕ್ಕುಬಿಟ್ಟರಂತೆ. ತಾನು ಬಗ್ಗಿದ್ದು ಯಾವಾಗ ಎಂದು ನೆನಪೇ ಇಲ್ಲ, ಅದೇನು ಪಥ್ಯ ಎಂದರಂತೆ. ಅದೇ ದಿನ ವೈಜಿನಾಥನವರ ಕಣ್ಣು ನೋಡಿ, ಇನ್ನು ನೀವು ಎಷ್ಟು ಬೇಕೋ ಅಷ್ಟು ಬಗ್ಗಬಹುದು ಅಂಕಲ್ ಎಂದರಂತೆ ಡಾಕ್ಟರು.

ಮದುವೆ ಭಾಲ್ಕಿಯ ಒಂದು ಕಲ್ಯಾಣ ಮಂಟಪದಲ್ಲಿ. ಧೂಳಪ್ಪನವರು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ದೊಡ್ಡವರು ಎಂದ ಮೇಲೆ ಹಾಗೇ ಇರಬೇಕು ಎಂದು ಮಂದಿ ತಿಳಿದರು. ಅಕ್ಷತೆಗೆ ಮೊದಲು ಬೀಗರು ಎದುರಾಗುವ ಹೊತ್ತು ಬಂತು. ವೈಜಿನಾಥನವರು ಇಷ್ಟು ವಾರ ಕೂಡಿಟ್ಟಿದ್ದ ಶರಣನ್ನೆಲ್ಲ ಒಂದೇ ಸಲ ತೀರಿಸುವವರ ಹಾಗೆ ಉದ್ದಕ್ಕೆ ನೆಲದ ಮೇಲೆ ಬಿದ್ದು ಧೂಳಪ್ಪನವರ ಎರಡೂ ಪಾದ ಹಿಡಿದರು.

ನಮ್ಮ ಕಡೆ ಹೀಗೆ ಬಿದ್ದವರು ತಾವಾಗಿ ಏಳುವುದಿಲ್ಲ. ಹಿರಿಯರು ಬಗ್ಗಿ, ಭುಜ ಹಿಡಿದು ಎಬ್ಬಿಸಬೇಕು. ಧೂಳಪ್ಪನವರು ಬಗ್ಗಲಿಲ್ಲ. ಎರಡೂ ಕೈ ಮುಂದೆ ಚಾಚಿ ನೆಟ್ಟಗೆ ನಿಂತರು. ಆ ಕೈಗೂ ಬೀಗನ ಭುಜಕ್ಕೂ ನಡುವೆ ಒಬ್ಬ ಮನುಷ್ಯನ ಎತ್ತರದಷ್ಟು ಅಂತರವಿತ್ತು.

ಮಂಟಪದಲ್ಲಿ ಗುಸುಗುಸು ಎದ್ದಿತು. ಎಬ್ಬಿಸುತ್ತಾ ಇಲ್ಲ, ಮನಸ್ಸಿನಲ್ಲಿ ಇನ್ನೂ ಸಿಟ್ಟಿದೆ ಎಂದರು ಒಬ್ಬರು. ಸಂಬಂಧ ಮುರಿಯಿತು ಎಂದರು ಇನ್ನೊಬ್ಬರು. ಗುರಮ್ಮ ಕೈ ಕಟ್ಟಿಕೊಂಡು ನಿಂತರು. ಹುಡುಗನ ತಂದೆ ನೀರು ಕೇಳಿದರು. ಬಾಜಾದವರು ಬಾಜಾ ನಿಲ್ಲಿಸಿದರು. ಅಕ್ಷತೆಯ ಹೊತ್ತು ಮೀರುತ್ತಿದೆ ಎಂದು ಸ್ವಾಮಿಗಳು ಕೆಮ್ಮಿದರು. ಗುಂಡಮ್ಮ ಏನೋ ಹೇಳಲು ಬಾಯಿ ತೆರೆದು, ತಾವೇ ತೆಗೆದುಕೊಂಡ ಭಾಷೆ ನೆನಪಾಗಿ ಮುಚ್ಚಿದರು.

ಆಗ ಸೌಂದರ್ಯಾ ಮಣೆಯಿಂದ ಎದ್ದು ಬಂದಳು. ಬಾಸಿಂಗ ಕಟ್ಟಿದ ಮದುಮಗಳು ಎದ್ದು ಬಂದದ್ದನ್ನು ಕಂಡು ಗುಸುಗುಸು ಕೂಡ ನಿಂತಿತು.

“ನಮ್ಮ ಅಪ್ಪಗ ಕಣ್ಣಿನ ಆಪರೇಷನ್ ಆಗ್ಯಾದ್ರಿ,” ಎಂದಳು, ಎಲ್ಲರಿಗೂ ಕೇಳುವ ಹಾಗೆ. “ಅದಕ್ಕ ಓಣ್ಯಾಗ ಯಾರಿಗೂ ಬಗ್ಗಲಿಲ್ಲ. ಸೊಕ್ಕು ಇಲ್ಲ. ಮುಚ್ಚಿಟ್ಟಿದ್ದು ನಮ್ಮ ತಪ್ಪು. ಇದರ ಮ್ಯಾಲ ನಿಮಗ ಈ ಸೊಸಿ ಬ್ಯಾಡ ಅಂದ್ರ ಈಗೇ ಹೇಳ್ರಿ.”

ದೊಡ್ಡಪ್ಪನ ಗುಟ್ಟನ್ನು ಅವಳು ಹೇಳಲಿಲ್ಲ. ಅದೂ ಅವಳಿಗೆ ಗೊತ್ತಿತ್ತು.

ಧೂಳಪ್ಪನವರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಕಪ್ಪು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ಎದುರಿಗೆ ನಿಂತವಳನ್ನು ನೋಡಿದರು. ಒಂದು ಕಣ್ಣು ಮುಚ್ಚಿ ನೋಡಿದರು. ಇನ್ನೊಂದು ಮುಚ್ಚಿ ನೋಡಿದರು.

“ಇಕಿ ಏನು ನಮ್ಮ ಸೊಸಿ?”

“ನೀನೇ ನೋಡಿ ಒಪ್ಪಿದ್ದಿಯಲ್ಲ ಅಣ್ಣ,” ಎಂದರು ಗುರಮ್ಮ.

“ಅವತ್ತು ಸೀರಿ ಒಪ್ಪಿದ್ದೆ. ಇವತ್ತು ಹುಡುಗಿ ಒಪ್ಪೀನಿ,” ಎಂದರು ಧೂಳಪ್ಪನವರು. “ನನಗೂ ಕಣ್ಣಿಂದು ಆಗ್ಯಾದ. ಡಾಕ್ಟರ್ ಬಗ್ಗಬ್ಯಾಡ ಅಂದಾಳ. ಬಾಜಾ ಹೊಡೀರಿ.”

ಬಾಜಾ ಶುರುವಾಯಿತು. ಸೌಂದರ್ಯಾ ಹೋಗಿ ಮಣೆಯ ಮೇಲೆ ಕುಳಿತಳು. ಅಕ್ಷತೆ ಬಿದ್ದ ಮೇಲೆ ಹಿರಿಯರು ವಧೂವರರನ್ನು ಹರಸಲು ಸಾಲಾಗಿ ಬರಬೇಕಾಗಿತ್ತು. ಸಾಲು ಬಂತು, ಆದರೆ ಮಣೆಯ ಕಡೆ ಹೋಗದೆ ಧೂಳಪ್ಪನವರ ಮುಂದೆ ಬಂದು ನಿಂತಿತು. ಬಡಿಗೆ ಹಿಡಿದವರು, ಮೊಮ್ಮಕ್ಕಳ ಭುಜ ಹಿಡಿದವರು, ಯಾವ ಬಸ್ಸಿಗೆ ಬಂದ್ರಿ ಎಂದು ಎಲ್ಲರನ್ನೂ ಕೇಳುವವರು. ಯಾವ ದವಾಖಾನೆ, ಎಷ್ಟು ಹೊತ್ತು ಹಿಡಿಯುತ್ತದೆ, ಮೀಸೆಗೆ ಬಣ್ಣ ಯಾವಾಗ ಹಚ್ಚಬಹುದು ಎಂದು ಒಬ್ಬೊಬ್ಬರೂ ಕಿವಿಯಲ್ಲಿ ಕೇಳಿದರು. ನಿಶ್ಚಯದ ದಿನ ಬೀಗನ ಹಣೆ ನೆಲಕ್ಕೆ ಮುಟ್ಟಿದ್ದನ್ನು ಕಂಡಿದ್ದ ಮುದುಕ ಎಲ್ಲರಿಗಿಂತ ಮುಂದೆ ಇದ್ದ. ಧೂಳಪ್ಪನವರು ಹುರುಪಿನಿಂದ ಹನಿ ಹಾಕುವ ಕ್ರಮವನ್ನು ಮೊದಲಿನಿಂದ ವಿವರಿಸತೊಡಗಿದರು.

ಅವರು ಉಸಿರು ತೆಗೆದುಕೊಳ್ಳಲು ನಿಂತಾಗ, ಕೆಳಗೆ ಅವರ ಪಾದಗಳ ಹತ್ತಿರದಿಂದ ಒಂದು ದನಿ ಬಂತು.

“ಬೀಗ್ರೆ, ನಾ ಏಳಬಹುದೇನ್ರಿ?”